ಬೆಕ್ಕಿಗೆ ಉಪವಾಸವಿಲ್ಲ

ಬೇಯುವ ಮೀನಿನ ವಾಸನೆ ಕಿಟಕಿ ದಾಟಿತು, ದಾಟಲಿ, ರಂಜಾನಿನ ನಡುಮಧ್ಯಾಹ್ನ ಸಲ್ಬಿಯಾಳ ಒಲೆ ಉರಿಯುತ್ತಿದೆ ಎಂದು ಮಲೇಷಿಯಾದ ಈ ಕೆಲಂತಾನ್ ಸೀಮೆಯ ಕಾಗೆಗಳಿಗೂ ಗೊತ್ತಾಗಲಿ, ಅವಳ ಗಂಟಲಲ್ಲಿ ಬೆಳಗಿನಿಂದ ಹನಿ ನೀರು ಇಳಿದಿಲ್ಲ, ದೇವರಿಗೆ ಗೊತ್ತಿದ್ದರೆ ಸಾಕು — ಬೇಲಿಯಾಚೆಯ ರೊಹಾನಿ ಆಗಲೇ ಮೂಗು ತೂರಿಸಿಯಾಯಿತು, ಏನೇ ಸಲ್ಬಿಯಾ, ನಿಮ್ಮನೇಲಿ ಯಾರಿಗೆ ಉಪವಾಸ ಇಲ್ಲ, ಬೆಕ್ಕಿಗಿಲ್ಲ ಕಣೇ, ಬೇಕಾದ್ರೆ ಊರಿಗೆಲ್ಲ ಸಾರು. ಸಾರಿರುತ್ತಾಳೆ. ತೊಂಪೊ ಮೆಟ್ಟಿಲ ಬಳಿ ಮಲಗಿದೆ, ಮಾಡಿನ ಮೇಲೆ ಹಾರುತ್ತಿದ್ದ ಬೆಕ್ಕು ಈಗ ಒಂದು ಮೆಟ್ಟಿಲಿಗೂ ನಿಂತು ಯೋಚಿಸುತ್ತದೆ, ಕೀಲುವಾತ ಎಂದಳು ಡಾಕ್ಟರಮ್ಮ, ರಕ್ತ ಪರೀಕ್ಷೆ ಮಾಡಿ, ಮೂತ್ರಪಿಂಡ ಸರಿಯಿದೆ ಎಂದು ನೋಡಿಕೊಂಡೇ ನೋವಿನ ಔಷಧಿ ಕೊಟ್ಟಳು, ಸಿರಿಂಜಿನಲ್ಲಿ ಅದರ ತೂಕದ ಗೆರೆವರೆಗೆ ಮಾತ್ರ, ಒಂದು ಹನಿ ಹೆಚ್ಚು ಬೇಡ, ಖಾಲಿ ಹೊಟ್ಟೆಗೆ ಬೇಡ, ತಿನ್ನದಿದ್ರೆ, ವಾಂತಿ ಮಾಡಿದ್ರೆ ನಿಲ್ಸಿ ನನಗೆ ಫೋನ್ ಮಾಡಿ, ಕುಡಿಯೋಕೆ ನೀರು ಸದಾ ಇರ್ಲಿ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಮನೆ ತುಂಬ ಜನ, ಗಲಾಟೆಗೆ ಅದು ಮನೆಯನ್ನು ಎತ್ತಿ ನಿಲ್ಲಿಸಿದ ಕಂಬಗಳ ಸಂದಿ ಸೇರಿ ಒಂದು ತುತ್ತೂ ಮುಟ್ಟುವುದಿಲ್ಲ, ಅದು ತಿನ್ನುವುದು ಈಗ, ಬಿಸಿಯಾಗಿದ್ದರೆ ಮಾತ್ರ, ಹಾಗಾಗಿ ಒಲೆ ಉರಿಯುತ್ತದೆ, ಅಷ್ಟೇ.

ಆದರೆ ಗೋಡೆಗೆ ಒರಗಿದ ಅತ್ತೆಯ ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ಅರ್ಧ ಮಾತ್ರೆ, ಬಿಳಿ, ಅಡಕತ್ತರಿ ಕಚ್ಚಿದ ಅಂಚು. ನನ್ನ ಮಂಡಿಗೂ ಅದೇ ನೋವು, ಬೆಕ್ಕಿನ ಸೊಂಟಕ್ಕೂ ಅದೇ ನೋವು, ನನ್ನ ಮಾತ್ರೇಲಿ ಅರ್ಧ ಕೊಟ್ರೆ ನಿನ್ನ ಗಂಟೇನು ಹೋಗುತ್ತೆ. ಪಾಪ, ಪ್ರೀತಿಯಿಂದಲೇ. ಪ್ರೀತಿಯಿಂದ ಕೊಟ್ಟರೂ ವಿಷ ವಿಷವೇ, ಮನುಷ್ಯರ ಮಾತ್ರೆ ಬೆಕ್ಕನ್ನು ಕೊಲ್ಲುತ್ತೆ ಮಾಕ್, ನಾನಿರೋ ತನಕ ಅದು ತೊಂಪೊ ಬಾಯಿಗೆ ಹೋಗಲ್ಲ — ಮಾಕ್, ಅಮ್ಮ, ಎಂದು ಕರೆಯುವ ಅತ್ತೆಗೆ ಹಾಗೆ ಎದುರಾಡಿದ್ದು ಇದೇ ಮೊದಲು. ನೋವಿದ್ದವರಿಗೆ ಉಪವಾಸ ಮಾಫಿ ಎಂದು ಮುದುಕಿಗೆ ಹೇಳಿ ಹೇಳಿ ಸಾಕಾಗಿದೆ, ಮಾತ್ರೆ ಸಂಜೆಗಂತೆ, ಹಗಲೆಲ್ಲ ಹಲ್ಲು ಕಚ್ಚಿಕೊಂಡು ಕೂರುವುದಂತೆ.

ಮುಳ್ಳು ಬಿಡಿಸಿ ಮೀನನ್ನು ಒಯ್ದು ಇಟ್ಟಳು, ತೊಂಪೊ ಮೂಸಿತು, ಮುಖ ತಿರುಗಿಸಿತು, ತಿನ್ನೋ, ಇಷ್ಟೆಲ್ಲ ಮಾತು ಕೇಳಿದ್ದು ಯಾರಿಗಾಗಿ, ಒಂದು ತುತ್ತು, ಇನ್ನೊಂದು, ಹಾ, ತಿಂದಿತು, ಈಗ ಗೆರೆವರೆಗೆ ಔಷಧಿ, ಅದೂ ಇಳಿಯಿತು, ಗೆದ್ದೆ ಎಂದುಕೊಂಡು ತಿರುಗಿದರೆ ತಟ್ಟೆ ಖಾಲಿ. ಅರ್ಧ ಮಾತ್ರೆ ಇಲ್ಲ. ಬೆಕ್ಕಿನ ಬಾಯಿ ಅಗಲಿಸಿ ನೋಡಿದಳು, ನಾಲಿಗೆಯಡಿ ನೋಡಿದಳು, ಯಾವಾಗ ಕೊಟ್ರಿ ಮಾಕ್, ಹೇಳಿ, ಯಾವಾಗ — ಅತ್ತೆ ಎದುರಿನ ಗೋಡೆ ನೋಡುತ್ತಾ, ಬೆಕ್ಕಿಗಲ್ಲ, ತಡೀಲಿಕ್ಕಾಗ್ಲಿಲ್ಲ ಸಲ್ಬಿಯಾ, ನಾನೇ ನುಂಗ್ದೆ. ನೀರೂ ಇಲ್ಲದೆ, ಖಾಲಿ ಹೊಟ್ಟೆಗೆ. ಸಲ್ಬಿಯಾ ಅನ್ನ ಹಾಕಿದಳು, ಉಳಿದ ಮೀನು ಬಿಡಿಸಿಟ್ಟಳು, ನೀರು ಇಟ್ಟಳು, ತಿನ್ನಿ, ಯಾರಾದ್ರೂ ಬೇಲಿ ಮೇಲಿಂದ ಕೇಳಿದ್ರೆ ಬೆಕ್ಕಿಗೆ ಅಂತೀನಿ. ಉಪವಾಸ ಮುರಿದ ನಾಚಿಕೆಗೆ ಮುದುಕಿಯ ಕೈ ಅನ್ನಕ್ಕೆ ಬರಲಿಲ್ಲ, ಮುಚ್ಚಿದ ತುಟಿಯ ಮೂಲೆಯಲ್ಲಿ ಬಿಳಿ ಪುಡಿ, ಖಾಲಿ ತಟ್ಟೆಯಲ್ಲೂ ಬಿಳಿ ಪುಡಿ, ಅರ್ಧ ಮಾತ್ರೆ ಇದ್ದ ಜಾಗ, ಬಿಳಿ.