ಐದಕ್ಕೂ ಗಾಳ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಕೆಲಸದಲ್ಲಿ ಅವಸರದವಳಲ್ಲ. ಸೀಸದ ಗುಂಡಿನಿಂದ ಐದು ತಂತಿಗಳನ್ನು ಕೊಡೆಯ ಕಡ್ಡಿಗಳ ಹಾಗೆ ಬಿಡಿಸಿ, ಒಂದೊಂದರ ತುದಿಗೂ ಒಂದು ರಬ್ಬರ್ ಮೀನು ಕಟ್ಟುತ್ತೇನೆ. ನೀರಲ್ಲಿ ಎಳೆದರೆ ಮರಿಗಳ ಹಿಂಡು ಹೊರಟ ಹಾಗೆ ಕಾಣುತ್ತದೆ. ಆಳುದ್ದದ ಬೇಟೆಮೀನು ಅದಕ್ಕೆ ಮರುಳಾಗಿ ನುಗ್ಗುತ್ತದೆ. ಗಾಳ ಮಾತ್ರ ನಡುವಿನ ಒಂದಕ್ಕೇ. ಉಳಿದ ನಾಲ್ಕು ಬರೀ ಆಸೆ ತೋರಿಸಲಿಕ್ಕೆ.

"ನಾಲ್ಕು ಸುಮ್ನೆ ಯಾಕಕ್ಕಾ ದಂಡ? ಐದಕ್ಕೂ ಹಾಕು," ಎಂದ ತಮ್ಮ.

"ಒಂದು ಮೀನಿನ ಬಾಯಲ್ಲಿರುತ್ತೆ. ಮಿಕ್ಕಿದ್ದೆಲ್ಲಿಗೆ ಹೋಗುತ್ತೆ? ನಿನ್ನ ಕೈಗೆ! ಬಟ್ಟೆ ಹೊಲಿಯೋ ಕೈ ಕಣೋ ಅದು. ಅದು ಹೋದ್ರೆ ಹೊಟ್ಟೆಗೇನು ಮಣ್ಣು ತಿಂತೀಯಾ?"

ಅವನು ದರ್ಜಿ. ಗೆರೆಯನ್ನೇ ಎಳೆಯದೆ ಕೋಟಿನ ಬಟ್ಟೆ ಕತ್ತರಿಸುತ್ತಿದ್ದ. ನನ್ನ ಮಾತಿಗೆ ತಲೆಯಾಡಿಸಿದ. ನಾನು ಊಟಕ್ಕೆ ಎದ್ದದ್ದೇ ತಡ, ಉಳಿದ ನಾಲ್ಕಕ್ಕೂ ಕದ್ದು ಗಾಳ ಚುಚ್ಚಿಟ್ಟ. ರಬ್ಬರಿನೊಳಗೆ ಅಡಗಿದ್ದರಿಂದ ನನಗದು ಕಾಣಲಿಲ್ಲ.

ಮಧ್ಯಾಹ್ನ ದೋಣಿಯಲ್ಲಿದ್ದಾಗ ಮೀನು ಕಚ್ಚಿತು. ಅರ್ಧ ಗಂಟೆ ಗುದ್ದಾಡಿ ಪಕ್ಕಕ್ಕೆ ತಂದೆವು. ಅವನು ಬಗ್ಗಿ ಕಿವಿರಿಗೆ ಕೈ ಹಾಕಿದ. ಮೀನು ತಲೆ ಒದರಿತು. ಇನ್ನೊಂದು ಗಾಳ ಅವನ ಬಲ ಅಂಗೈಯನ್ನು ತೂರಿ ಆಚೆ ಬಂತು.

"ಅಕ್ಕಾ!"

ಮೀನು ತಳಕ್ಕೆ ಜಗ್ಗಿತು. ಅವನ ತೋಳು ಭುಜದವರೆಗೂ ನೀರಿಗಿಳಿಯಿತು, ದೋಣಿ ವಾಲಿತು. ತಂತಿ ಕತ್ತರಿಸಲು ಇಕ್ಕಳ ತೆಗೆದೆ. ಕುಲುಕಿಗೆ ಅದು ಕೈಜಾರಿ ನೀರುಪಾಲಾಯಿತು. ಅವನ ಸೊಂಟ ತಬ್ಬಿ, ಮೀನಿನ ಸಮೇತ ದೋಣಿಯೊಳಗೆ ಎಳೆದು ಕೆಡವಿದೆ. ಅದು ಒದ್ದಾಡಿದಷ್ಟೂ ಗಾಳ ಅವನ ಕೈಯನ್ನು ಸೀಳುತ್ತಿತ್ತು. ಆಗಲೇ ನೋಡಿದ್ದು: ಐದಕ್ಕೂ ಗಾಳ. ಮೈಯೆಲ್ಲ ಉರಿದುಹೋಯಿತು.

"ಹೊಡಿಯೇ! ಸಾಯಿಸೇ ಅದನ್ನ!" ಎಂದು ಕಿರುಚಿದ.

ಹುಟ್ಟು ಎತ್ತಿ ಮೀನಿನ ತಲೆಗೆ ಬಾರಿಸಿದೆ. ರಕ್ತ ಮುಖಕ್ಕೆ ಸಿಡಿಯಿತು. "ಹೇಳಿದ್ನಾ ಇಲ್ವಾ? ಹೇಳಿದ್ನಾ ಇಲ್ವಾ?" ಮಾತಿಗೊಂದು ಏಟು. ಬುರುಡೆ ಒಡೆಯಿತು, ಕಣ್ಣು ಹೊರಬಂತು, ಬಾಲದ ಬಡಿತ ನಿಂತಿತು.

"ಅಕ್ಕಾ, ಸತ್ತಿದೆ. ಸಾಕು ಬಿಡೇ."

ಕೇಳಿಸಿತು. ಆದರೂ ಇನ್ನೊಂದು ಹಾಕಿದೆ. ಅದು ಅವನ ಬೆರಳುಗಳ ಮೇಲೆ ಬಿತ್ತು.

ಗಾಳದ ಗಾಯ ಇಪ್ಪತ್ತು ದಿನಕ್ಕೆ ಮಾಯಿತು. ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ. ಈಗ ಅಂಗಡಿಯಲ್ಲಿ ಅವನು ಅಳತೆ ಹೇಳುತ್ತಾನೆ, ಕತ್ತರಿ ಹಿಡಿಯುವವಳು ಅವನ ಹೆಂಡತಿ. ಬಂದವರಿಗೆಲ್ಲ ಆ ಕೈ ತೋರಿಸಿ, "ಗಡಿಬಿಡೀಲಿ ಒಂದೇಟು ತಪ್ಪಿ ಬಿತ್ತು, ಅಷ್ಟೇ. ನಮ್ಮಕ್ಕ ಇಲ್ದಿದ್ರೆ ಅವತ್ತೇ ಹೋಗಿಬಿಡ್ತಿದ್ದೆ," ಅನ್ನುತ್ತಾನೆ.

ತಪ್ಪಿ ಬೀಳಲಿಲ್ಲ. ಅವನ ಕೈ ನೋಡಿಕೊಂಡೇ ಹೊಡೆದಿದ್ದೆ.