ಮೆರೂನ್ ರೆಕ್ಸಿನ್ನಿನ ಮೆತ್ತೆ

ಬೀದಿಯವರೆಲ್ಲ ಅವಳನ್ನು ಸೋಫಾ ಅಕ್ಕ ಎನ್ನುತ್ತಿದ್ದರು. ಹರಿದ ಕುರ್ಚಿ, ಕುಸಿದ ದಿವಾನ್ ಮಂಚ, ಏನೇ ತಂದು ಹಾಕಿದರೂ ಹೊಸದರ ಹಾಗೆ ಮಾಡಿಕೊಡುವ ಕೈ ಅವಳದು. ಬಾಯಿಯೂ ಅಷ್ಟೇ ಚುರುಕು. ಆದರೆ ಗಂಡ ಲಾರಿಯಿಂದ ಸೋಫಾ ಇಳಿಸುವಾಗ ಬಿದ್ದು ಬೆನ್ನುಮೂಳೆ ಮುರಿದುಕೊಂಡ ಮೇಲೆ ಆ ಬಾಯಿಗೆ ಬೀಗ ಬಿದ್ದಿತ್ತು. ಸೊಂಟದ ಕೆಳಗೆ ಅವನಿಗೆ ಚಿವುಟಿದರೂ ತಿಳಿಯುತ್ತಿರಲಿಲ್ಲ.

"ಒಂದೇ ಕಡೆ ಒತ್ತಿ ಹುಣ್ಣಾಗದ ಹಾಗೆ ನೋಡ್ಕೊಳ್ಳಿ. ಆಯ್ತೋ, ಜೀವಕ್ಕೇ ಸಂಚಕಾರ," ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಊರವರ ಕುಂಡಿಗೆಲ್ಲ ಮೆತ್ತೆ ಹೊಲಿದವಳು ಕಟ್ಟಿಕೊಂಡ ಗಂಡನಿಗೆ ಹೊಲಿಯದೆ ಇರುತ್ತಾಳೆಯೇ? ಮೂಳೆ ಒತ್ತುವ ಕಡೆ ಫೋಮನ್ನು ಕೊರೆದು ತೆಗೆದಳು. ಹೊಲಿಗೆ ಮೈಗೆ ತಾಗದಂತೆ ಅಡಿಭಾಗಕ್ಕೆ ತಂದಳು. ಮೇಲೆ ಹೊದಿಸಿದ್ದು ಯಾವುದೋ ಸಿನಿಮಾ ಮಂದಿರದ ಕೆಲಸದಲ್ಲಿ ಉಳಿದಿದ್ದ ಮೆರೂನ್ ರೆಕ್ಸಿನ್. ಒದ್ದೆಬಟ್ಟೆ ಎಳೆದರೆ ಸಾಕು, ಫಳಫಳ. ಗಿರಾಕಿಗಳು ಕೇಳುವುದೂ ಅದನ್ನೇ ತಾನೆ? ಬೇರೆ ಬಟ್ಟೆ ಅವಳ ತಲೆಗೆ ಹೊಳೆಯಲೇ ಇಲ್ಲ.

"ಮಹಾರಾಜರಿಗೆ ಸಿಂಹಾಸನ ಒಗ್ಗಿತಾ?" ಎಂದಳು, ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿ.

"ಒಗ್ಗದೆ ಏನು? ರಾಣಿ ಕಾಫಿ ತರೋದೊಂದೇ ಬಾಕಿ."

ಅವಳು ಬಿದ್ದು ಬಿದ್ದು ನಕ್ಕಳು. ಅವನ ಬೆನ್ನು ಮುರಿದ ಮೇಲೆ ನಕ್ಕಿದ್ದು ಅದೇ ಮೊದಲು.

ಬೇಸಿಗೆ ಬಂತು. "ಹೆಂಡ್ತಿ ಕೈಲಿ ಎಷ್ಟು ದಿನ ಅಂತ ತೊಳೆಸ್ಕೊಳ್ಳಲಿ? ನಂಗೂ ಮಾನ ಮರ್ಯಾದೆ ಇದೆ," ಎಂದು ಅವನು ಬಾಗಿಲು ಹಾಕಿಸಿ ತಾನೇ ಮೈ ಒರೆಸಿಕೊಳ್ಳತೊಡಗಿದ. ಪೌಡರನ್ನಂತೂ ಡಬ್ಬಿಗಟ್ಟಲೆ ಸುರಿದುಕೊಂಡ.

"ಏನು, ಇನ್ನೊಂದು ಮದುವೆ ಯೋಚನೆಯಾ?" ಎಂದು ಅವಳು ಕಾಲೆಳೆದಳು. ಕೈತುಂಬ ಕೆಲಸವಿತ್ತು. ಅವನನ್ನು ಒಮ್ಮೆಯೂ ಹೊರಳಿಸಿ ನೋಡಲಿಲ್ಲ. ನೋಡಬೇಕಿತ್ತು. ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಜ್ವರ ಏರಿದಾಗ ಆಸ್ಪತ್ರೆಯಿಂದ ನರ್ಸ್ ಬಂದು ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಕೂರುವ ಜಾಗದಲ್ಲಿ ಅಂಗೈ ಅಗಲದ ಹುಣ್ಣು, ಅದರ ತಳದಲ್ಲಿ ಮೂಳೆ ಕಾಣುತ್ತಿತ್ತು.

"ಈ ಮೆತ್ತೆಗೆ ರೆಕ್ಸಿನ್ ಯಾರಮ್ಮ ಹೊದಿಸಿದ್ದು? ಬೆವರು ಎಲ್ಲಿಗೆ ಹೋಗ್ಬೇಕು? ಮೈಯೆಲ್ಲ ಬೆಂದುಹೋಗಿದೆ!"

ಆಂಬುಲೆನ್ಸಿಗೆ ಕಾಯುತ್ತ ಅವಳು ಅವನ ಕೈ ಹಿಡಿದು ಕುಳಿತಳು. "ನಿಮಗೆ ಗೊತ್ತೇ ಆಗ್ಲಿಲ್ವಾ?"

"ಒರೆಸುವಾಗ ಕೈಗೆ ಕೀವು ಹತ್ತಿತ್ತು. ವಾಸಿಯಾಗತ್ತೆ ಅಂದ್ಕೊಂಡೆ. ಆ ಮೆತ್ತೆ ನೋಡಿದಾಗಲೆಲ್ಲ ನಿನ್ನ ಮುಖ ಅರಳ್ತಿತ್ತು. ಹೇಗೆ ಹೇಳ್ಲಿ?"

"ನನ್ನ ಮುಖಕ್ಕಿಷ್ಟು ಬೆಂಕಿ ಹಾಕ!" ಎಂದು ಅವಳು ಗೋಳೋ ಎಂದು ಅತ್ತಳು.

ನಂಜು ಆಗಲೇ ರಕ್ತಕ್ಕೇರಿತ್ತು. ಆಸ್ಪತ್ರೆಯಿಂದ ಅವನು ಜೀವಂತ ಮರಳಲಿಲ್ಲ.

ಮಾತನಾಡಿಸಲು ಬಂದವರೆಲ್ಲ ಮೆತ್ತೆಯನ್ನು ಸವರಿ ನೋಡಿದರು. "ಎಷ್ಟು ಚೆನ್ನಾಗಿ ನೋಡ್ಕೊಂಡೆ ತಾಯಿ, ಅವನು ಪುಣ್ಯವಂತ," ಎಂದರು. ನಿಜ ಗೊತ್ತಿದ್ದವಳು ನರ್ಸ್ ಒಬ್ಬಳೇ, ಅವಳು ಮತ್ತೆ ಈ ಬೀದಿಗೆ ಬರುವವಳಲ್ಲ. ತಾನು ಸುಮ್ಮನಿದ್ದುಬಿಟ್ಟರೆ ಸಾಯುವತನಕ ಒಳ್ಳೆಯ ಹೆಂಡತಿ ಎನಿಸಿಕೊಂಡೇ ಇರಬಹುದಿತ್ತು.

ಎದುರು ಮನೆಯ ಡ್ರೈವರ್ ಹತ್ತಿರ ಸರಿದ. ಅವನ ತಾಯಿ ಹಾಸಿಗೆ ಹಿಡಿದಿದ್ದಳು.

"ಅಕ್ಕ, ಈಗ ಕೇಳಬಾರದು. ಆದ್ರೂ, ನಮ್ಮಮ್ಮನಿಗೂ ಇಂಥದ್ದೇ ಒಂದು ಮಾಡ್ಕೊಡ್ತೀರಾ?"

"ಇದೇ ಕಣಪ್ಪ ಅವರನ್ನ ತಿಂದಿದ್ದು," ಎಂದಳು. "ನಿಮ್ಮಮ್ಮನಿಗೆ ಹತ್ತಿಬಟ್ಟೆ ಹೊದಿಸಿ ಕೊಡ್ತೀನಿ. ಆದ್ರೆ ದಿನಾ ಹೊರಳಿಸಿ ನೋಡು. ಏನೂ ಆಗಿಲ್ಲ ಅಂತ ಅಮ್ಮನೇ ಹೇಳಿದ್ರೂ ನಂಬಬೇಡ."