ಕೆಮ್ಮದ ರೀಲು

ಅಪ್ಪನ ಮೌನ ಎರಡು ಬಗೆಯದು. ಕೆರೆ ಕಟ್ಟೆಯ ಮೇಲೆ ಗಾಳ ಬಿಟ್ಟು ಕೂತಾಗಿನದು ಒಂದು. ಡಿಗ್ರಿಯ ಮೂರೂ ವರ್ಷ ನಾನು ಅದರ ಪಕ್ಕದಲ್ಲಿ ಕೂತೇ ಓದಿದ್ದು. ಹೋದ ವರ್ಷ ಲಕ್ವ ಹೊಡೆದು ಎಡಗೈ ಸೋತ ಮೇಲೆ, ಜಗಲಿಯಲ್ಲಿ ಗೋಡೆ ನೋಡುತ್ತಾ ಕೂರುವುದು ಇನ್ನೊಂದು. ಅದರ ಪಕ್ಕ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಎಡಗೈ ಈಗ ಏನನ್ನಾದರೂ ಒತ್ತಿ ಹಿಡಿಯುವಷ್ಟು ಸುಧಾರಿಸಿದೆ, ಅಷ್ಟೇ. ಅಪ್ಪನ ಬಿದಿರಿನ ಗಾಳಕ್ಕೆ ಎರಡೂ ತೋಳಿನ ಬಲ ಬೇಕು. ಮೀನು ಕಚ್ಚಿದೊಡನೆ ಎತ್ತಿ ದಡಕ್ಕೆ ಹಾಕಬೇಕು. ರೀಲು ಕಟ್ಟಿದ ಕೋಲಾದರೆ ಹಾಗಲ್ಲ. ಬುಡವನ್ನು ಎಡ ಕಂಕುಳಲ್ಲಿ ಅವುಚಿಕೊಂಡು ಬಲಗೈಯಲ್ಲಿ ಹಿಡಿ ತಿರುಗಿಸುತ್ತಾ ಹೋದರೆ ದಾರದ ಜೊತೆ ಮೀನೂ ಬರುತ್ತದೆ. ಫೋನಿನಲ್ಲಿ ಒಬ್ಬ ಹಾಗೆ ಹಿಡಿಯುವುದನ್ನು ನಾನು ಅಪ್ಪನಿಗೆ ತೋರಿಸಿದೆ. ಮೂರು ಸಲ ನೋಡಿದರು. ಮಾರನೆಯ ಬೆಳಿಗ್ಗೆ ತಾವಾಗಿಯೇ ಇಸ್ತ್ರಿ ಮಾಡಿದ ಅಂಗಿ ಕೇಳಿದರು.

"ಕೋಲಾರಕ್ಕೆ ಹೋಗೋಣ್ವಾ ಅನಿತ?"

"ನಾನೂ ಬರ್ತೀನಿ," ಎಂದಳು ಅಮ್ಮ, ಒಲೆಯ ಮುಂದಿನಿಂದ.

"ನೀನ್ಯಾಕೆ? ಮೀನು ಹಿಡಿಯೋ ಸಾಮಾನು ಅದು."

"ದಾರ ಸುತ್ತೋ ಸಾಮಾನು ತಾನೆ? ಇಪ್ಪತ್ತೆರಡು ವರ್ಷ ರೇಷ್ಮೆ ನೂಲು ತೆಗ್ದಿದೀನಿ. ನಾನಿಲ್ದೆ ಅದೆಂಗೆ ಆರಿಸ್ತೀರೋ ನೋಡೇ ಬಿಡ್ತೀನಿ."

ಅಮ್ಮ ಶ್ರೀನಿವಾಸಪುರದಲ್ಲಿ ಚರಕದ ಕೆಲಸ ಮಾಡಿದವಳು. ಕುದಿನೀರಲ್ಲಿ ಕುಣಿಯುವ ರೇಷ್ಮೆಗೂಡಿನ ಎಳೆ ಹಿಡಿದು ರಾಟೆಗೆ ಸುತ್ತುವ ಕೆಲಸ. ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿಲ್ಲ. ರೇಷನ್ ಅಂಗಡಿಯ ಯಂತ್ರಕ್ಕೆ ಅವಳ ಹೆಬ್ಬೆಟ್ಟಿನ ಗುರುತು ಇವತ್ತಿಗೂ ಸಿಗುವುದಿಲ್ಲ.

ಕೋಲಾರದಲ್ಲಿ ಬಲೆ, ಹಗ್ಗ, ಟಾರ್ಪಾಲು ಮಾರುವ ಉಮೇಶ್ ಮೂರು ರೀಲುಗಳನ್ನು ಮೇಜಿನ ಮೇಲಿಟ್ಟ. ಒಂದು ಬಂಗಾರದ ಬಣ್ಣದ್ದು, ಒಂದು ಕೆಂಪು, ಒಂದು ಮಂಕು ಕಪ್ಪು.

"ಬಂಗಾರದ್ದು ತಗೊಳ್ಳಿ ಅಣ್ಣ, ಒಳಗೆ ಹದಿಮೂರು ಬೇರಿಂಗು. ಮೀನು ಜೋರಾಗಿ ಎಳೆದ್ರೆ ದಾರ ತಾನೇ ಬಿಟ್ಕೊಳ್ತದೆ, ಕಿತ್ತೋಗಲ್ಲ."

ಅಪ್ಪ ಬಂಗಾರದ್ದನ್ನು ಕೈಗೆತ್ತಿಕೊಂಡರು. ಮುಖ ಅರಳಿತು. ಮರುಕ್ಷಣ ಹಾಗೆಯೇ ಕೆಳಗಿಟ್ಟರು. ಹಿಡಿ ಇದ್ದದ್ದು ಎಡಗಡೆ. ಕೆಂಪಿನದೂ ಎಡಗಡೆ, ಕಪ್ಪಿನದೂ ಎಡಗಡೆ.

"ಬಲಗಡೆ ಹಿಡಿ ಇರೋದು ಇಲ್ವಾ?" ಎಂದೆ.

"ಇಲ್ಲಮ್ಮ. ಕಂಪನಿಯಿಂದ ಬರೋದೇ ಹಿಂಗೆ."

"ಬ್ಯಾಡ ಬಿಡು," ಎಂದರು ಅಪ್ಪ. "ಬಸ್ಸಿಗೆ ಹೊತ್ತಾಯ್ತದೆ."

ಬಸ್ಸಿಗೆ ಹೊತ್ತೇನೂ ಆಗಿರಲಿಲ್ಲ. ಜಗಲಿಯ ಆ ಎರಡನೇ ಮೌನ ಅಂಗಡಿಯ ಬಾಗಿಲಿಗೇ ಬಂದು ನಿಂತಹಾಗೆ ನನಗನ್ನಿಸಿತು. ಅಮ್ಮ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

"ಏನಪ್ಪಾ, ಆ ಫ್ಯಾನು ನಿಲ್ಸು."

"ಯಾಕಮ್ಮ? ಸೆಕೆ!"

"ಕೇಳಿಸ್ಬೇಕು."

ಫ್ಯಾನು ನಿಂತಿತು. ಅಮ್ಮ ಬಂಗಾರದ ರೀಲನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸಿದಳು. ಹಗ್ಗ ಕೊಳ್ಳಲು ಬಂದವನೂ ಬಾಯಿ ಮುಚ್ಚಿ ನಿಂತ.

"ಇದು ಸುತ್ತಿಗೊಂದ್ ಸಲ ಕೆಮ್ಮುತ್ತೆ," ಎಂದು ಬದಿಗಿಟ್ಟಳು. ಕೆಂಪಿನದು ನಡುಗುತ್ತದಂತೆ. ಕಪ್ಪು ರೀಲನ್ನು ಬಹಳ ಹೊತ್ತು ತಿರುಗಿಸಿದಳು. ಆಮೇಲೆ ದಾರ ಹಾಯುವ ಕಂಬಿಯ ಮೇಲೆ ಬೆರಳಾಡಿಸಿ ನೋಡಿದಳು. "ಇಲ್ಲೊಂದು ಚೂರು ತರಿಯಿದ್ರೂ ಎಳೆ ಕಡೀತದೆ. ಇದ್ರಲ್ಲಿಲ್ಲ."

"ಅಮ್ಮೋ, ನಿಮಗೆ ಮೀನು ಹಿಡಿಯಕ್ಕಾ, ಸೀರೆ ನೇಯಕ್ಕಾ?" ಎಂದು ಉಮೇಶ್ ನಕ್ಕ.

ಅಮ್ಮ ಅದಕ್ಕೆ ಕಿವಿಗೊಡಲಿಲ್ಲ. ರೀಲಿನ ಬಲಗಡೆ ಇದ್ದ ಸಣ್ಣ ಮುಚ್ಚಳವೊಂದನ್ನು ಉಗುರಿನಿಂದ ತಿರುಗಿಸುತ್ತಿದ್ದಳು. ಅದು ಬಿಚ್ಚಿಕೊಂಡಿತು. ಎಡಗಡೆಯಿಂದ ಹಿಡಿಯನ್ನು ಎಳೆದಳು, ಈಚೆಗೆ ಬಂತು. ಅದನ್ನು ಬಲಗಡೆಯಿಂದ ತೂರಿಸಿ, ಮುಚ್ಚಳವನ್ನು ಎಡಗಡೆಗೆ ಬಿಗಿದಳು.

"ನಮ್ ಚರಕಾನೂ ಹಿಂಗೇ ಮಾಡ್ಸಿದ್ರು. ಎಡಚಿ ಶಾಮಲಮ್ಮ ಕೂತ್ರೆ ಹಿಡಿ ಆ ಕಡೆ, ನಾನ್ ಕೂತ್ರೆ ಈ ಕಡೆ. ಕಂಪನಿಯವ್ರು ಏನ್ ನಮಗಿಂತ ದಡ್ರಾ?"

ಉಮೇಶ್ ರೀಲನ್ನು ತಿರುಗಿಸಿ ತಿರುಗಿಸಿ ನೋಡಿದ. "ಎಂಟು ವರ್ಷದಿಂದ ಮಾರ್ತಿದೀನಿ," ಎಂದಷ್ಟೇ ಹೇಳಿ, ರೀಲಿಗೆ ಹೊಂದುವ ಕೋಲೊಂದನ್ನು ಆರಿಸಿಕೊಟ್ಟು, ದಾರದ ಉಂಡೆಯೊಂದನ್ನು ಪುಕ್ಕಟೆ ಕೊಟ್ಟ.

ಬಸ್ಸಿನಲ್ಲಿ ಅಪ್ಪ ರೀಲನ್ನು ಮಡಿಲಲ್ಲಿಟ್ಟುಕೊಂಡು ಊರಿನ ತನಕ ಹಿಡಿ ತಿರುಗಿಸುತ್ತಲೇ ಇದ್ದರು.

ಸಂಜೆ ದಾರ ಸುತ್ತುವ ಕೆಲಸವನ್ನು ಅಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಎಳೆಯನ್ನು ಹಿಡಿದು, ಅಂಚು ಮೀರುವಷ್ಟು ತುಂಬಿಸಿದಳು. ಮಾರನೆಯ ಬೆಳಿಗ್ಗೆ ಕೆರೆ ಕಟ್ಟೆಯ ಮೇಲೆ ಅಪ್ಪ ರಾಗಿಮುದ್ದೆಯ ಉಂಡೆ ಸಿಕ್ಕಿಸಿ ಬೀಸಿದರು. ಗಾಳ ಹತ್ತಡಿಯೂ ಹೋಗಲಿಲ್ಲ. ಸುತ್ತು ಸುತ್ತಾಗಿ ದಾರ ರೀಲಿನಿಂದ ಹಾರಿ, ಅವರ ಕೈಮೇಲೆ ಗೀಜಗನ ಗೂಡಿನ ಹಾಗೆ ಕೂತುಬಿಟ್ಟಿತು.

"ಅಷ್ಟೊಂದು ಯಾಕೆ ತುಂಬ್ಸಿದೆ ಮಾರಾಯ್ತಿ?"

"ಕಮ್ಮಿ ಸುತ್ತಿದ್ರೆ ಮೇಸ್ತ್ರಿ ಬೈತಿದ್ದ!"

"ಇಲ್ಲೆಲ್ಲಿದಾನೆ ಮೇಸ್ತ್ರಿ?"

ಅಮ್ಮ ಸುತ್ತ ನೋಡಿದಳು. ಕೊಕ್ಕರೆಯೊಂದು ನಿಂತಿತ್ತು. ಮೂವರಿಗೂ ನಗು ಬಂತು. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಂದು ವರ್ಷದಿಂದ ಆ ಸದ್ದನ್ನು ನಾನು ಕೇಳಿರಲಿಲ್ಲ. ಆ ಸಿಕ್ಕನ್ನು ನಾನಾಗಿದ್ದರೆ ಕತ್ತರಿಸಿ ಎಸೆಯುತ್ತಿದ್ದೆ. ಅಮ್ಮ ಎಳೆಯ ತುದಿ ಹುಡುಕಿ, ಹತ್ತೇ ನಿಮಿಷದಲ್ಲಿ ಬಿಡಿಸಿದಳು. ಹೆಚ್ಚಾದ ದಾರ ತೆಗೆದು ಮತ್ತೆ ಕೊಟ್ಟಳು.

ಎರಡನೇ ಸಲ ಗಾಳ ಕೆರೆಯ ನಡುವಿಗೆ ಹೋಗಿ ಬಿತ್ತು. ಕಾದೆವು. ಬಿಸಿಲು ಏರಿತು. ಇದ್ದಕ್ಕಿದ್ದಂತೆ ರೀಲು ಕಿರ್ರನೆ ಕೂಗಿತು.

"ಅಯ್ಯೋ, ಕೆಟ್ಟೋಯ್ತಾ?" ಎಂದು ಅಮ್ಮ ಎದ್ದಳು.

"ಕೆಟ್ಟಿಲ್ಲ ಕಣೇ, ಮೀನು!"

ಅಪ್ಪ ಕೋಲನ್ನು ಎಡ ಕಂಕುಳಲ್ಲಿ ಅವುಚಿದರು. ಎಡಗೈ ಬೆರಳುಗಳು ಅದನ್ನು ಸುತ್ತಿ ಹಿಡಿದವು, ಬಿಡಲಿಲ್ಲ. ಬಲಗೈ ತಿರುಗತೊಡಗಿತು. ಸಂತೋಷ ಮಿತಿಮೀರಿದರೆ ಅಪ್ಪನ ಬಾಯಲ್ಲಿ ಬರುವುದು ತೆಲುಗೇ. "ವಸ್ತಾಂದಿ! ವಸ್ತಾಂದಿ ರಾ!" ಎಂದು ಕೂಗುತ್ತಾ ಎಳೆದೇ ಎಳೆದರು. ಬರುತ್ತಿದೆ, ಬರುತ್ತಿದೆ ಎಂದು ನಾನೂ ಕೂಗಿದೆನಂತೆ. ಆಮೇಲೆ ಅಮ್ಮ ಹೇಳಿದಳು.

ಮೊಣಕೈಯುದ್ದದ ಕಾಟ್ಲ ದಡದ ಹುಲ್ಲಿನ ಮೇಲೆ ಒದ್ದಾಡಿತು. ಅಮ್ಮ ಮೀನಿನ ಕಡೆ ನೋಡಲೂ ಇಲ್ಲ.

"ಕೆಮ್ತಾ? ಒಂದ್ ಸಲನಾದ್ರೂ ಕೆಮ್ತಾ?"

"ಇಲ್ವೇ."

"ಈ ಸಲ ನಾನ್ ತಿರುಗಿಸ್ತೀನಿ, ಕೊಡಿ ಇಲ್ಲಿ."

"ಹೋಗೇ, ಸಾರಿಗೆ ಮಸಾಲೆ ಅರಿ."

ಅಮ್ಮ ಗೊಣಗುತ್ತಾ ಮೀನನ್ನು ಚೀಲಕ್ಕೆ ಹಾಕಿಕೊಂಡು ಮನೆ ಕಡೆ ಹೊರಟಳು. ಅಪ್ಪ ಮತ್ತೆ ಗಾಳ ಬಿಟ್ಟು, ಕೋಲನ್ನು ಕಂಕುಳಲ್ಲಿಟ್ಟುಕೊಂಡು, ನೀರು ನೋಡುತ್ತಾ ಸುಮ್ಮನಾದರು.

ನಾನು ಹೋಗಿ ಪಕ್ಕದಲ್ಲಿ ಕೂತೆ.